ಬ್ಯಾಂಡ್ ಮೇಷ್ಟ್ರು ಬರೆಸಿದ ಮಟ್ಟು

ಅವರ ಕೆಳತುಟಿಯ ನಡುವೆ ಸಣ್ಣದೊಂದು ತಗ್ಗಿತ್ತು. ಹರೆಯದಿಂದಲೂ ಕ್ಲಾರಿಯೋನೆಟ್ ಊದಿ ಊದಿ ಬಿದ್ದ ಗುರುತು. ಕೆ.ಆರ್. ಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಮದುವೆಗಳಿಗೆ ಹೋಗುವ ಬ್ಯಾಂಡ್‌ಸೆಟ್ಟಿನ ಯಜಮಾನರು. ಊರಿಗೆಲ್ಲ ಬ್ಯಾಂಡ್ ಮೇಷ್ಟ್ರು. ಬಿಸಿ ಕಾಫಿಯನ್ನು ತಟ್ಟೆಗೆ ಸುರಿದು ಆರಿಸುವಾಗಲೂ ತಾಳಕ್ಕೆ ಸರಿಯಾಗಿ ಊದುತ್ತಿದ್ದರು. ನನಗೆ ಸ್ವರ ಕಲಿಸಿದ್ದು ಅವರೇ.

ಲಕ್ವಾ ಹೊಡೆದು ಬಾಯಿ ಒಂದು ಕಡೆಗೆ ವಾಲಿದ ಮೇಲೆ ವಾದ್ಯ ಪೆಟ್ಟಿಗೆ ಸೇರಿತು. ಮೇಷ್ಟ್ರು ಜಗಲಿಗೆ ಬರುವುದನ್ನೇ ಬಿಟ್ಟರು.

ಆಗಷ್ಟೇ ನಾನು ಪಾಂಡವಪುರದ ಶಾಲೆಯೊಂದರಲ್ಲಿ ಸಂಗೀತದ ಟೀಚರಾಗಿದ್ದೆ. ಹಾಡು ಕಟ್ಟಲು ಲ್ಯಾಪ್‌ಟಾಪಿಗೆ ಎರಡು ಸಾಫ್ಟ್‌ವೇರ್ ಹಾಕಿಕೊಂಡು, ಯಾವುದನ್ನು ಕಲಿಯಲಿ ಎಂದು ಒದ್ದಾಡುತ್ತಿದ್ದೆ. ಒಂದರಲ್ಲಿ ಸ್ವರ ಬರೆದು ಹಾಳೆಗೆ ಪ್ರಿಂಟ್ ತೆಗೆಯಬಹುದು. ಇನ್ನೊಂದು ಸೀಕ್ವೆನ್ಸರ್, ಒಂದೊಂದೇ ವಾದ್ಯದ ದನಿ ಪೇರಿಸುತ್ತಾ ಹೋದರೆ ಇಡೀ ಮೇಳವನ್ನು ಅದೇ ನುಡಿಸುತ್ತದೆ. ಸಲಹೆ ಕೇಳುವ ನೆಪದಲ್ಲಿ ಎರಡನ್ನೂ ಮೇಷ್ಟ್ರ ಮುಂದಿಟ್ಟೆ.

ಸೀಕ್ವೆನ್ಸರಿಗೆ ಜೋಡಿಸಿದ್ದ ಪುಟ್ಟ ಕೀಬೋರ್ಡನ್ನು ಒತ್ತಿದರು. ಕ್ಲಾರಿಯೋನೆಟ್ ದನಿ ಹೊರಟಿತು.

"ಊದ್ದೇನೇ ಬತ್ತದಲ್ಲವ್ವಾ!" ಎಂದು ಆ ವಾರೆ ಬಾಯಲ್ಲೇ ನಕ್ಕರು. ಕೆಲವೇ ದಿನಗಳಲ್ಲಿ ಹೆಣ್ಣು ಕರೆತರುವ ಮೆರವಣಿಗೆಗೆಂದು ಅದರಲ್ಲೇ ಹೊಸ ಮಟ್ಟೊಂದನ್ನು ಕಟ್ಟಿ, ತಮ್ಮ ಬ್ಯಾಂಡಿನವರನ್ನೆಲ್ಲ ಕರೆಸಿ ಕೇಳಿಸಿದರು.

ಟ್ರಂಪೆಟಿನವನು ತಲೆದೂಗಿ, "ಸಂದಾಗದೆ ಮೇಷ್ಟ್ರೇ. ಇನ್ಮೇಕೆ ಇದ್ನೇ ಸ್ಪೀಕರಿಗೆ ಆಕ್ಬುಟ್ರಾಯ್ತು. ನಾವ್ಯಾಕೆ?" ಎಂದ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ.

ಮರುದಿನ ಬೆಳಿಗ್ಗೆಯೇ ನಮ್ಮ ಬಾಗಿಲಲ್ಲಿ ನಿಂತಿದ್ದರು. "ಆ ಬರಿಯೋದು ತಗಿಯವ್ವ. ನಾನು ಏಳ್ತೀನಿ, ನೀನು ಬರ್ಕೊ."

"ಸೀಕ್ವೆನ್ಸರಲ್ಲಿ ಆಗ್ಲೇ ಮುಗ್ದದಲ್ಲ ಮೇಷ್ಟ್ರೇ?"

"ಅದ್ರಲ್ಲಿ ನಾನೊಬ್ನೇ ಇವ್ನಿ ಕಣವ್ವ."

ಬ್ಯಾಂಡಿನ ಒಬ್ಬೊಬ್ಬರಿಗೂ ಬೇರೆ ಬೇರೆ ಹಾಳೆ, ಅವರು ಓದಬಲ್ಲ ಸರಿಗಮದಲ್ಲೇ. ಗುನುಗುತ್ತಾ ಬರೆಸಿದರು. ಟ್ರಂಪೆಟಿನ ಸಾಲಿನ ಮಧ್ಯೆ ಕೈ ಅಡ್ಡ ಹಿಡಿದು, "ಇಲ್ಲೊಂಚೂರು ಜಾಗ ಬುಡು. ಬಡ್ಡೈದ ಬೀಡಿ ಸೇದ್ತಾನೆ, ಉಸ್ರು ಸಾಲಕ್ಕಿಲ್ಲ" ಎಂದರು.

ಅದನ್ನು ಮೊದಲು ನುಡಿಸಿದ್ದು ಶ್ರೀರಂಗಪಟ್ಟಣದ ಒಂದು ಮದುವೆಯಲ್ಲಿ. ಮೇಷ್ಟ್ರು ಛತ್ರದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆ ಜಾಗ ಬಂದಾಗ ಟ್ರಂಪೆಟಿನವನು ಉಸಿರೆಳೆದುಕೊಂಡ. ಅವನ ಜೊತೆಗೇ ಮೇಷ್ಟ್ರ ಎದೆಯೂ ಏರಿತು.

ಮರುವರ್ಷ ಅವರು ತೀರಿಕೊಂಡರು. ನಾನೀಗ ಎರಡೂ ಸಾಫ್ಟ್‌ವೇರ್ ಬಳಸುತ್ತೇನೆ. ಸೀಕ್ವೆನ್ಸರಿನಲ್ಲಿ ಹಾಡು ಕಟ್ಟಿ ಕೇಳುತ್ತೇನೆ. ಆಮೇಲೆ ಬರೆಯಲು ಕೂತರೆ, ಹಾಡಬೇಕಾದ ಮಕ್ಕಳು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬರುತ್ತಾರೆ. ಯಾರಿಗೆ ಎಲ್ಲಿ ಉಸಿರು ಸಾಲದು ಎಂದು ಈಗ ನನಗೂ ಗೊತ್ತಾಗುತ್ತದೆ.