ಚಿಕ್ಕಪ್ಪನ ಕೊನೆಯ ಟ್ರಿಪ್ಪು

ನಮ್ಮ ಚಿಕ್ಕಮ್ಮನಿಗೆ ಬೂದಿ ತುಂಬುವ ಕೆಲಸ. ಸತ್ತವರ ಬೂದಿಯಲ್ಲಿ ಒಂದು ಚಿಟಿಕೆ ತೆಗೆದು, ಬೆರಳುದ್ದದ ಲೋಹದ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಯಬೇಕು. ಆಮೇಲೆ ಕಂಪನಿಯವರು ಅದನ್ನು ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಕಳಿಸುತ್ತಾರೆ. ಆ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಸೀನುವಂತಿಲ್ಲ. ದಿನವಿಡೀ ಉಸಿರು ಬಿಗಿಹಿಡಿದು ಕೂತವಳಿಗೆ ಮನೆಗೆ ಬಂದರೆ ಮಾತಾಡಲೂ ಬೇಸರ. ಉಡಾವಣೆ ಮುಂದಕ್ಕೆ ಹೋದಾಗಲೆಲ್ಲ ಸತ್ತವರ ಮನೆಗೆ ಫೋನ್ ಮಾಡಿ ಬೈಸಿಕೊಳ್ಳುವುದೂ ಅವಳ ಪಾಲಿಗೇ. "ಸತ್ತೋರು ಹಗುರ ಕಣೇ, ಅವರ ಮನೆಯೋರೇ ಭಾರ" ಎನ್ನುತ್ತಿದ್ದಳು.

ಚಿಕ್ಕಪ್ಪ ದೂರದೂರಿಗೆ ಲಾರಿ ಓಡಿಸುತ್ತಿದ್ದವರು. ಮನುಷ್ಯ ಒಳ್ಳೆಯವರೇ, ಮಾತು ಮಾತ್ರ ನೀರಿನ ಮೇಲಿನ ಬರಹ. ಗುರುವಾರ ಬರುತ್ತೇನೆಂದರೆ ಯಾವ ಗುರುವಾರ ಎಂದು ದೇವರೇ ಹೇಳಬೇಕು. ಕೇಳಿದರೆ, "ನನ್ನ ಚಪ್ಪಲಿ ಇಲ್ಲೇ ಇದೆಯಲ್ಲ, ನಾನೆಲ್ಲಿಗೆ ಹೋಗ್ತೀನಿ?" ಎಂದು ಬೂಟು ಹಾಕಿಕೊಂಡು ಹೊರಟುಬಿಡುತ್ತಿದ್ದರು. ಮಾಡಿದ ಅಡುಗೆಯನ್ನು ಮತ್ತೆ ಮತ್ತೆ ಬಿಸಿ ಮಾಡುವುದರಲ್ಲೇ ಚಿಕ್ಕಮ್ಮನ ಅರ್ಧ ಆಯುಸ್ಸು ಸವೆಯಿತು.

ಅವರು ತೀರಿಕೊಂಡಾಗ ಕಂಪನಿ ಅವಳಿಗೆ ಒಂದು ಡಬ್ಬಿಯನ್ನು ಪುಕ್ಕಟೆ ಕೊಟ್ಟಿತು. ಚಿಕ್ಕಪ್ಪನ ಮುದ್ದಿನ ಮಗಳು ಪಟ್ಟು ಹಿಡಿದಳು: "ಅಪ್ಪಂಗೆ ಸುತ್ತೋದಂದ್ರೆ ಪ್ರಾಣ. ಕಳಿಸೋಣಮ್ಮ. ಒಂದು ಚಿಟಿಕೆ ತಾನೆ? ಮಿಕ್ಕಿದ್ದೆಲ್ಲ ನಿನ್ನ ಹತ್ರಾನೇ ಇರುತ್ತೆ."

"ಚಪ್ಪಲಿ ಇಲ್ಲೇ ಇದೆ ಅಂದಂಗಾಯ್ತು," ಎಂದಳು ಚಿಕ್ಕಮ್ಮ. "ಈಗ ತಾನೆ ಒಂದು ಕಡೆ ಕೂತಿದಾರೆ. ಮತ್ತೆ ಕಾಯೋಕೆ ನನ್ನ ಕೈಲಾಗಲ್ಲ."

ಆದರೂ ಮಗಳ ಕಣ್ಣೀರಿಗೆ ಕರಗಿದಳು. ತಮ್ಮವರ ಬೂದಿಯನ್ನು ತಾವೇ ತುಂಬಬಾರದು ಎಂಬುದು ಆ ಕೋಣೆಯ ನಿಯಮ. ಕೈ ನಡುಗಿದರೆ ಚೆಲ್ಲುತ್ತದೆ. ಹಾಗಾಗಿ ಪಕ್ಕದ ಮೇಜಿನ ಗೆಳತಿ ತುಂಬಿದಳು, ಇವಳು ಗೋಡೆಗೊರಗಿ ನೋಡುತ್ತ ನಿಂತಳು. "ಯಾವುದಕ್ಕೆ ಹಾಕಲಿ?" ಎಂದು ಗೆಳತಿ ಕೇಳಿದಳು. ಅಲ್ಲಿನ ರಾಕೆಟ್ಟುಗಳಲ್ಲಿ ಎರಡು ಬಗೆ. ಒಂದರಲ್ಲಿ ಹೋದರೆ ಹೋಯಿತು. ಇನ್ನೊಂದು ಮೇಲೆ ಹೋಗಿ ಅದೇ ದಿನ ಇಳಿಯುತ್ತದೆ, ಡಬ್ಬಿ ಮನೆಗೆ ವಾಪಸ್ಸು ಬರುತ್ತದೆ. ಮಗಳು ಹೇಳಿ ಕಳಿಸಿದ್ದು ಮೊದಲನೆಯದನ್ನು.

"ಬರೋದಕ್ಕೇ ಹಾಕು," ಎಂದಳು ಚಿಕ್ಕಮ್ಮ. "ಒಂದ್ಸಲನಾದ್ರೂ ಹೇಳಿದ ದಿನ ಮನೆಗೆ ಬರಲಿ."

ಉಡಾವಣೆಯ ದಿನ ರಜೆ ಹಾಕಿ, ಅಡುಗೆ ಮಾಡಿ, ತಲೆ ಬಾಚಿಕೊಂಡು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಳು. ಜೊತೆಗೆ ನಾನೂ ಇದ್ದೆ. ಮಧ್ಯಾಹ್ನ ಗೆಳತಿಯ ಫೋನ್ ಬಂತು. ಚಿಕ್ಕಮ್ಮನೇ ಎಷ್ಟೋ ಮನೆಗಳಿಗೆ ಹೇಳಿದ್ದ ಮಾತನ್ನು ಅವಳು ತಡವರಿಸುತ್ತ ಹೇಳಿದಳು: "ಮೋಡ ಕವಿದಿದೆ ಕಣಕ್ಕ. ಇವತ್ತು ಹೊರಡಲ್ವಂತೆ. ಬಹುಶಃ ಗುರುವಾರ."

"ಯಾವ ಗುರುವಾರ?" ಎಂದಳು ಚಿಕ್ಕಮ್ಮ. ನಗಲು ಹೋಗಿ ಅತ್ತುಬಿಟ್ಟಳು. ಆಮೇಲೆ ಎದ್ದು, ಆರಿಹೋಗಿದ್ದ ಅಡುಗೆಯನ್ನು ಬಿಸಿ ಮಾಡಲು ಇಟ್ಟಳು.