ಯಜಮಾನರು ಬರೆಸಿಕೊಟ್ಟ ಛಾಪಾ ಕಾಗದ

ಮಿಲ್ಲಿನ ಫೋರ್‌ಮನ್ ಒಂದು ಬೆಳಗ್ಗೆ ಊರಿನ ಪತ್ರಿಕೆಯನ್ನು ನನ್ನ ಕೈಗಿಟ್ಟು ಓದು ಎಂದ. ಮಗ್ಗ ರಿಪೇರಿಗೆ ಆಳು ಬೇಕಾಗಿದ್ದಾರೆ ಎಂಬ ಜಾಹೀರಾತು. ಮಿಲ್ಲು ನಮ್ಮದೇ, ಕೆಲಸ ನಾನು ಮಾಡುತ್ತಿದ್ದುದೇ. "ನನ್ನನ್ನು ಬಿಡಿಸುತ್ತಿದ್ದೀರಾ?" ಎಂದೆ. ಅವನು ನಕ್ಕ. "ಬಿಡಿಸುವುದಕ್ಕಲ್ಲ, ಉಳಿಸಿಕೊಳ್ಳುವುದಕ್ಕೆ."

ಅಮೆರಿಕದಲ್ಲಿ ಪರದೇಶದವನು ಕಾಯಂ ಆಗುವ ದಾರಿ ಇದು. ಈ ಕೆಲಸಕ್ಕೆ ನಮ್ಮ ದೇಶದವರು ಸಿಗಲಿಲ್ಲ ಎಂದು ಕಂಪನಿ ಮೊದಲು ಸರ್ಕಾರಕ್ಕೆ ತೋರಿಸಬೇಕು. ಆಮೇಲೆ ನನಗಾಗಿ ಅರ್ಜಿ ಹಾಕಬೇಕು. ಇದಕ್ಕೆ ಸ್ಪಾನ್ಸರ್ ಮಾಡುವುದು ಎನ್ನುತ್ತಾರೆ, ಅಂದರೆ ಹೊಣೆ ನಿಲ್ಲುವುದು. ಕೊನೆಗೆ ಸಿಗುವುದು ಗ್ರೀನ್ ಕಾರ್ಡು. ಹೆಸರಿಗೆ ಹಸಿರು, ಬಣ್ಣ ಮಾತ್ರ ನೀಲಿ. ನಮ್ಮ ದೊಡ್ಡಬಳ್ಳಾಪುರದಲ್ಲಿ ಯಜಮಾನರು ಬಾ ಎಂದರೆ ಕೆಲಸ, ಬರಬೇಡ ಎಂದರೆ ಮುಗಿಯಿತು. ಇಲ್ಲಿ ನಾನು ವಾರಗಟ್ಟಲೆ ಗೇಟಿನತ್ತ ಕಣ್ಣಿಟ್ಟು, ಯಾರೂ ಬರದಿರಲಪ್ಪಾ ಎಂದು ಬೇಡಿಕೊಂಡೆ. ಯಾರೂ ಬರಲಿಲ್ಲ.

ಬಾಡಿಗೆ ಕೋಣೆಯ ಮುದುಕಿ ಒಳ್ಳೆಯವಳು, ಆದರೆ ಒಗ್ಗರಣೆ ಹಾಕಿದ ದಿನ ಆ ಹಿಮದಲ್ಲೂ ಮನೆಯ ಕಿಟಕಿಗಳನ್ನೆಲ್ಲ ತೆರೆದಿಡುತ್ತಿದ್ದಳು. ಕನ್ನಡ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ನನ್ನ ಭಾಷೆ ಗೊತ್ತಿದ್ದದ್ದು ಮಗ್ಗಕ್ಕೆ ಮಾತ್ರ. ಕಣ್ಣು ಮುಚ್ಚಿ ಸದ್ದು ಕೇಳಿ, ಲಾಳಿ ಎಲ್ಲಿ ತಡವರಿಸುತ್ತಿದೆ ಎಂದು ನಾನು ಹೇಳಿಬಿಟ್ಟಾಗ ಫೋರ್‌ಮನ್ ಬೆರಗಾಗಿದ್ದ. ಸ್ಪಾನ್ಸರ್ ಮಾಡಲು ಅವನು ಹೊರಟಿದ್ದು ಅದರಿಂದಲೇ.

ಕಂಪನಿಯ ವಕೀಲರು ಹಿಂದೆ ಕೆಲಸ ಮಾಡಿದ ಕಡೆಯಿಂದೆಲ್ಲ ಅನುಭವ ಪತ್ರ ತರಿಸು ಎಂದರು. ಬೊಂಬಾಯಿಯ ಗಿರಣಿಯದು ನನ್ನಲ್ಲಿತ್ತು, ಆದರೆ ಅದು ಎರಡೇ ವರ್ಷದ್ದು. ಉಳಿದ ಎಂಟು ವರ್ಷಕ್ಕೆ ನಮ್ಮ ಬೀದಿಯ ಮಗ್ಗದ ಯಜಮಾನರೇ ಗತಿ.

ಯಾರ ಹೊಸಿಲು ಮತ್ತೆ ತುಳಿಯುವುದಿಲ್ಲ ಎಂದು ಆಣೆಯಿಟ್ಟು ಊರು ಬಿಟ್ಟಿದ್ದೆನೋ ಅವರೇ ಇವರು. ಜರಿ ಸುತ್ತಿದ ಎರಡು ಕಂಡಿಕೆ ಕಾಣೆಯಾದ ದಿನ, ನಡುಬೀದಿಯಲ್ಲಿ ನನ್ನ ಪಂಚೆ ಬಿಚ್ಚಿಸಿ ಕೊಡವಿಸಿದ್ದರು. ಏನೂ ಬೀಳಲಿಲ್ಲ. ಆದರೂ ಕಳ್ಳ ಎಂಬ ಹೆಸರು ಅಂಟಿಕೊಂಡಿತು. ಅಮ್ಮ ಅಂದಿನಿಂದ ಬೀದಿ ನಲ್ಲಿಗೆ ಹೋಗುವುದನ್ನೇ ಬಿಟ್ಟಳು. ಸಾಯುವವರೆಗೂ ಹಿತ್ತಲ ಬಾವಿಯ ಉಪ್ಪುನೀರೇ ಸೇದಿದಳು.

ಹಲ್ಲು ಕಚ್ಚಿಕೊಂಡು, ಅದೇ ಬೀದಿಯಲ್ಲಿದ್ದ ಅಕ್ಕನ ಗಂಡನಿಗೆ ಕಾಗದ ಬರೆದೆ. ಭಾವ ಹಳ್ಳಿಗಾಡಿನ ಮನುಷ್ಯ. ಅಮೆರಿಕದ ಸರ್ಕಾರ ಬಿಳಿ ಹಾಳೆ ಒಪ್ಪೀತೇ ಎಂದು ಯೋಚಿಸಿ, ಯಜಮಾನರನ್ನು ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವರ ಬಳಿ ಕೂರಿಸಿ, ಛಾಪಾ ಕಾಗದ ತರಿಸಿಬಿಟ್ಟ. ಅಲ್ಲಿ ನಡೆದದ್ದನ್ನು ಆಮೇಲೆ ಒಂದೂ ಬಿಡದೆ ನನಗೆ ಬರೆಸಿದ.

"ಕೆಲ್ಸ ಯಾಕ್ ಬಿಟ್ಟ, ಅದೂ ಬರೀಬೇಕು," ಎಂದರಂತೆ ಅರ್ಜಿ ಬರೆಯುವವರು.

"ಅದ್ಯಾಕ್ರೀ ಈಗ? ಬಿಟ್ಟ ಅಂತ ಹಾಕಿ, ಸಾಕು," ಎಂದರಂತೆ ಯಜಮಾನರು.

"ಛಾಪಾ ಕಾಗ್ದ ಸ್ವಾಮಿ ಇದು, ಪ್ರಮಾಣ ಮಾಡ್ದಂಗೆ. ಅದೂ ಆ ದೇಶದ ಸರ್ಕಾರಕ್ಕೆ. ಸುಳ್ಳು ಅಂತ ಗೊತ್ತಾದ್ರೆ ನಿಮ್ಮನ್ನ ಬಿಡ್ತಾರಾ?"

ಬೀದಿಗೆ ಹೆದರದ ಯಜಮಾನರು ಕಾಗದಕ್ಕೆ ಹೆದರಿದರು. ಇಂಗ್ಲಿಷಿನಲ್ಲಿದ್ದ ಆ ಸಾಲುಗಳನ್ನು ಕನ್ನಡಕ್ಕೆ ಇಳಿಸಿದ್ದೇನೆ: "ಸದರಿ ನೌಕರನು ಜರಿ ಕದ್ದನೆಂದು ಆಪಾದಿಸಿ ನಾನೇ ಬಿಡಿಸಿದ್ದು ನಿಜ. ಅದೇ ವರ್ಷ ಆಯುಧಪೂಜೆಗೆ ಮಗ್ಗದ ಅಡಿಯ ಹಲಗೆ ತೆಗೆದು ಗುಡಿಸುವಾಗ ಸದರಿ ಕಂಡಿಕೆಗಳು ಹಳೇ ಕೈಮಗ್ಗದ ಕಾಲುಗುಂಡಿಯಲ್ಲಿ ದೊರೆತವು. ಸದರಿ ನೌಕರನು ನಿರಪರಾಧಿ."

ಅದೇ ವರ್ಷ! ಅಮ್ಮ ಆಗ ಬದುಕಿದ್ದಳು. ಅವರ ಮನೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಉಪ್ಪುನೀರು ಸೇದುತ್ತಿದ್ದಳು. ಓದಿದವನೇ ಆ ಕಾಗದ ಹಿಡಿದು ವಕೀಲರ ಬಳಿ ಹೋದೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ವಕೀಲರು ಓದಿ ಅದನ್ನು ನನ್ನತ್ತಲೇ ತಳ್ಳಿದರು. "ಕಳ್ಳತನ ಎಂಬ ಮಾತು ಕಂಡರೆ ಅಧಿಕಾರಿ ಮುಂದೆ ಓದುವುದಿಲ್ಲ. ಎಷ್ಟು ವರ್ಷ, ಏನು ಕೆಲಸ, ಅಷ್ಟೇ ಇರುವ ಸಾದಾ ಪತ್ರ ತರಿಸು." ನನಗೆ ಬೇಕಾದ ಒಂದೇ ಒಂದು ಮಾತು ಕೈಗೆ ಸಿಕ್ಕಿತ್ತು. ಅದನ್ನು ತೋರಿಸಿದರೆ ಕಾರ್ಡು ಹೋಗುತ್ತಿತ್ತು. ಮುಚ್ಚಿಟ್ಟರೆ ಅಮ್ಮನಿಗೆ ದ್ರೋಹ. ಒಂದು ವಾರ ಯೋಚಿಸಿ ಪಟ್ಟು ಹಾಕಿದೆ. ಸಾದಾ ಪತ್ರ ಕಡತಕ್ಕೆ, ಛಾಪಾ ಕಾಗದ ಟ್ರಂಕಿಗೆ. ಕಾರ್ಡು ಬರುವ ತನಕ ಉಸಿರೆತ್ತಬಾರದು, ಎತ್ತಿದರೆ ಆ ಮನುಷ್ಯ ಮೂಗರ್ಜಿ ಬರೆಯಲೂ ಹೇಸುವವರಲ್ಲ.

ಎರಡನೆಯ ಪತ್ರವನ್ನು ಯಜಮಾನರು ಖುಷಿಯಾಗಿ ಕೊಟ್ಟರು. "ನಮ್ ಹುಡುಗನ್ನ ಅಮೆರಿಕಾಕ್ಕೆ ಕಳ್ಸಿದ್ದೇ ನಾನು ಕಣ್ರಪ್ಪಾ" ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದರಂತೆ. ಅಕ್ಕನನ್ನು ಮಾತ್ರ ನಲ್ಲಿಯ ಬಳಿ ಈಗಲೂ ಕಳ್ಳನ ಅಕ್ಕ ಎನ್ನುತ್ತಾರೆ. ಮೂರು ವರ್ಷ ನಾನು ನಗುನಗುತ್ತಾ ಅವರಿಗೆ ಹೊಸ ವರ್ಷದ ಶುಭಾಶಯ ಕಳಿಸಿದೆ. ಅದೂ ಪಟ್ಟಿನದೇ ಒಂದು ಭಾಗ.

ಕಳೆದ ತಿಂಗಳು ಕಾರ್ಡು ಬಂತು. ಇದನ್ನೆಲ್ಲ ನಮ್ಮ ಕಡೆಯ ಕನ್ನಡ ಪತ್ರಿಕೆಗೆ ಬರೆದು ಕಳಿಸುತ್ತೇನೆ ಎಂದು ತಿಳಿಸಿದ್ದಕ್ಕೆ ಭಾವ ಬೇಡಿಕೊಂಡ: "ಬಿಟ್ಬಿಡಪ್ಪಾ, ವಯಸ್ಸಾಗದೆ ಅವ್ರಿಗೆ." ಅಮ್ಮನಿಗೂ ವಯಸ್ಸಾಗಿತ್ತು ಭಾವ. ನಾನು ಬಿಡುವುದಿಲ್ಲ. ಯಜಮಾನರ ಹೆಸರು ಬರೆದಿಲ್ಲ, ನಮ್ಮ ಬೀದಿಗೆ ಹೆಸರು ಬೇಕಾಗಿಯೂ ಇಲ್ಲ.

ಈ ದೇಶದಲ್ಲಿ ನನ್ನನ್ನು ಕಳ್ಳ ಎಂದವರು ಯಾರೂ ಇಲ್ಲ. ಹಾಗಾಗಿ ಕಳ್ಳನಲ್ಲ ಎಂದು ಇಲ್ಲಿ ಯಾರಿಂದ ಹೇಳಿಸಿಕೊಂಡರೂ ನನಗೆ ಏನೂ ಅನ್ನಿಸುವುದಿಲ್ಲ. ಅಕ್ಕಾ, ಈ ಪತ್ರಿಕೆ ಕೈಗೆ ಬಂದ ದಿನ ಕೊಡ ಹಿಡಿದು ನಲ್ಲಿಗೆ ಹೋಗು. ಎಲ್ಲರೂ ಸೇರಿದ ಮೇಲೆ ಗಟ್ಟಿಯಾಗಿ ಓದು. ಕೇಳಿಸಿಕೊಳ್ಳಲು ನಾನು ಅಲ್ಲಿರಬೇಕಿತ್ತು.