ಹನ್ನೆರಡೂವರೆಯ ನೆರಳು

ನನಗೆ ಅನುಮಾನ ಜಾಸ್ತಿ. ಇದನ್ನು ಮನೆಯವರೂ ಹೇಳುತ್ತಾರೆ, ಶಾಲೆಯವರೂ ಹೇಳುತ್ತಾರೆ. ನೆಹರು ಗಂಜಿನ ಪೇಟೆಯಲ್ಲಿ ತೊಗರಿಬೇಳೆ ಕೊಳ್ಳುವಾಗ ಚೀಲದ ಮೇಲಿನ ಬೇಳೆ ನೋಡಿ ನಂಬುವವನಲ್ಲ ನಾನು. ಮೊಳಕೈವರೆಗೆ ಕೈ ಇಳಿಸಿ, ತಳದ ಬೇಳೆಯನ್ನು ಹಿಡಿ ತುಂಬ ತೆಗೆದು, ಬೆಳಕಿಗೆ ಹಿಡಿದು ನೋಡುತ್ತೇನೆ. ಅಂಗಡಿಯವನು ಒಮ್ಮೆ, "ಮಾಸ್ತರ್ ಸಾಬ್, ನೀವು ಪೊಲೀಸ್‌ದಾಗ ಇರಬೇಕಿತ್ರಿ. ಇತ್ನಾ ಶಕ್ ಚೊಲೋ ಅಲ್ಲ" ಎಂದ. ನಾನು ನಕ್ಕೆ. ಆದರೆ ಇನ್ನೊಂದು ಹಿಡಿ ತೆಗೆದು ನೋಡಿದ ಮೇಲೆಯೇ ತೂಗಲು ಬಿಟ್ಟೆ.

ದಿನಾ ಕಲಬುರಗಿಯಿಂದ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿ, ಆರರಿಂದ ಎಂಟನೆಯ ತರಗತಿಯವರೆಗೆ ವಿಜ್ಞಾನ ಕಲಿಸುವವನು ನಾನು. ಈ ಕೆಲಸದಲ್ಲಿ ಅನುಮಾನ ಬೆಳೆಯದೆ ಇನ್ನೇನು ಬೆಳೆಯುತ್ತದೆ? ಪುಸ್ತಕದಲ್ಲಿ "ಮಾಡಿ ನೋಡಿ" ಎಂದಿದ್ದರೆ ಮಕ್ಕಳು ಮಾಡುವುದಿಲ್ಲ, ಬರೆಯುತ್ತಾರೆ. ಹೆಸರುಕಾಳು ನೆನೆಹಾಕಿ ಮೊಳಕೆಯ ಚಿತ್ರ ಬರೆಯಿರಿ ಎಂದರೆ, ಒಬ್ಬ ಮರುದಿನವೇ ಮೂರನೆಯ ದಿನದ ಮೊಳಕೆಗೆ ಹಸಿರು ಬಣ್ಣ ಹಚ್ಚಿಕೊಂಡು ಬಂದಿದ್ದ. ಯಾವ ಮಣ್ಣು ಎಷ್ಟು ನೀರು ಹೀರುತ್ತದೆ ನೋಡಿ ಎಂದರೆ, ಕೆಂಪು ಮಣ್ಣಿನ ಬಾಳೆತೋಟದವರೂ ಕರಿಮಣ್ಣಿನ ತೊಗರಿ ಹೊಲದವರೂ ಒಂದೇ ಅಂಕಿ ಬರೆದುಕೊಂಡು ಬಂದರು. ಶಾಲೆಯ ಒಂದೇ ಒಂದು ಥರ್ಮಾಮೀಟರ್ ಒಡೆದುಹೋದ ವಾರದಲ್ಲೂ ಎಲ್ಲರ ನೀರು ನೂರು ಡಿಗ್ರಿಗೇ ಕುದಿದಿತ್ತು. ಹೀಗಾಗಿ ನಾನು ಪ್ರಯೋಗದ ಪುಸ್ತಕ ತಿದ್ದುವುದಿಲ್ಲ, ತನಿಖೆ ಮಾಡುತ್ತೇನೆ.

ಕಳೆದ ಫೆಬ್ರವರಿಯಲ್ಲಿ ಜಿಲ್ಲೆಯ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಒಬ್ಬರ ಹೆಸರು ಕಳಿಸಬೇಕಿತ್ತು. ಏಳನೆಯ ತರಗತಿಯ ಒಬ್ಬ ಹುಡುಗಿಯ ಹೆಸರನ್ನು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದೆ. ಊರ ಹೊರಗಿನ ಕೆಂಪು ಬಾಳೆ ತೋಟದ ಮನೆಯ ಹುಡುಗಿ. ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಚಂದ್ರ ಹಗಲಲ್ಲಿ ಯಾಕೆ ಕಾಣುತ್ತಾನೆ ಎಂದು ಕೇಳಿ ನನ್ನ ಒಂದು ಪಿರಿಯಡ್ ಪೂರ್ತಿ ತಿಂದವಳು. ಆಕೆಗೂ ಹೋಗುವ ಆಸೆ ಬಹಳ ಇತ್ತು. ಹೆಸರು ಯಾವಾಗ ಕಳಿಸ್ತೀರಿ ಎಂದು ಎರಡು ಸಲ ಕೇಳಿದ್ದಳು. ಕೊನೆಯ ಪರೀಕ್ಷೆಯೆಂಬಂತೆ ಇಡೀ ತರಗತಿಗೆ ಒಂದು ಕೆಲಸ ಕೊಟ್ಟೆ. ಭಾನುವಾರ ಅರ್ಧ ಮೀಟರಿನ ಕೋಲನ್ನು ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿ, ಹನ್ನೊಂದೂವರೆಯಿಂದ ಒಂದರವರೆಗೆ ಐದೈದು ನಿಮಿಷಕ್ಕೆ ನೆರಳು ಅಳೆಯಿರಿ, ಅದು ಅತಿ ಚಿಕ್ಕದಾಗುವುದು ಯಾವಾಗ ಎಂದು ಬರೆಯಿರಿ ಎಂದೆ.

ಸೋಮವಾರ ಪುಸ್ತಕಗಳು ಬಂದವು. ಎಲ್ಲರದ್ದೂ ಹನ್ನೆರಡು ಗಂಟೆ. ಅಂಕಿಗಳು ಮುತ್ತಿನಂತಿದ್ದವು, ಒಂದೂ ಕಾಟು, ತಿದ್ದುಪಡಿ ಇರಲಿಲ್ಲ. ಅರ್ಧದಷ್ಟು ಮಂದಿ ನಕಲು ಮಾಡಿದ್ದಾರೆಂದು ನನಗೆ ಗೊತ್ತಿತ್ತು, ಆದರೆ ಉತ್ತರ ಸರಿಯಿತ್ತಲ್ಲ ಎಂದು ಬಿಟ್ಟೆ. ಆ ಹುಡುಗಿಯದ್ದು ಮಾತ್ರ ಬೇರೆ. ಹಾಳೆಗೆ ಮಣ್ಣು ಮೆತ್ತಿತ್ತು. ಎರಡು ಕಡೆ ಅಂಕಿ ಹೊಡೆದುಹಾಕಿ ಮತ್ತೆ ಬರೆದಿದ್ದಳು. ಕೊನೆಗೆ, ಹನ್ನೆರಡು ಮೂವತ್ತೈದಕ್ಕೆ ನೆರಳು ಅತಿ ಚಿಕ್ಕದು ಎಂದಿತ್ತು.

ಸಿಕ್ಕಿಬಿದ್ದಳು ಅಂದುಕೊಂಡೆ. ಹೊತ್ತಿಗೆ ಸರಿಯಾಗಿ ಅಳೆಯದೆ, ಊಟ ಮಾಡಿ ಬಂದು ಆಮೇಲೆ ಅಂಕಿ ಕೂಡಿಸಿದ್ದಾಳೆ. ಇಲ್ಲದಿದ್ದರೆ ಈ ಕಾಟು ಯಾಕೆ? ಎಲ್ಲರ ಎದುರು ನಿಲ್ಲಿಸಿ ಕೇಳಿದೆ.

"ಎಷ್ಟೊತ್ತಿಗೆ ಹೋಗಿ ಕೋಲು ನೆಟ್ಟಿ?"

"ಹನ್ನೊಂದಕ್ಕ ರೀ ಸರ್. ಒಂದೂ ಕಾಲಿನ ತನಕ ಅಲ್ಲೇ ಇದ್ದೆ."

"ಗಡಿಯಾರ ಯಾವುದು?"

"ನಮ್ಮಪ್ಪಂದು ಮೊಬೈಲ್ ರೀ."

"ಊಟಕ್ಕ ಎದ್ದು ಹೋಗಲಿಲ್ಲೇನು?"

"ಆಯಿ ಕರದ್ಲು, ಹೋಗ್ಲಿಲ್ರೀ. ನೆರಳು ಇನ್ನೂ ಸಣ್ಣದಾಗ್ತನೇ ಇತ್ತು."

ನಾನು ನಂಬಲಿಲ್ಲ. ನನ್ನ ಎದುರು ಇಂಥ ಆಟ ನಡೆಯೋದಿಲ್ಲ ಎಂದೆ. ವಿಜ್ಞಾನದಲ್ಲಿ ಸುಳ್ಳು ಬರೆಯುವವರ ಹೆಸರು ಪ್ರದರ್ಶನಕ್ಕೆ ಹೋಗುವುದಿಲ್ಲ ಎಂದೆ. ಹುಡುಗಿ ಅಳಲಿಲ್ಲ. ಪುಸ್ತಕ ತೆಗೆದುಕೊಂಡು ಹೋಗಿ ಕೂತಳು. ಅಳದಿದ್ದುದನ್ನೂ ನಾನು ಅನುಮಾನದಿಂದಲೇ ನೋಡಿದೆ.

ಬುಧವಾರ ರಜೆ ಹಾಕಿ ಮನೆಯಲ್ಲಿದ್ದೆ, ಹೊಸ ವಾಷಿಂಗ್ ಮಷೀನ್ ಬರುವುದಿತ್ತು. ನಮ್ಮದು ಪೂಜೆ ಪುನಸ್ಕಾರದ ಮನೆ. ತಂದೆ ಈಗಲೂ ನಾಲ್ಕಾರು ಮನೆಗಳಿಗೆ ಮುಹೂರ್ತ ನೋಡಿಕೊಡುತ್ತಾರೆ. ಹೊಸ ವಸ್ತು ಯಾವುದೇ ಬರಲಿ, ಕುಂಕುಮ ಹಚ್ಚದೆ, ಹೊತ್ತು ನೋಡದೆ ಸ್ವಿಚ್ ಹಾಕುವಂತಿಲ್ಲ. ಮಷೀನ್ ಬಂದು ಪೈಪು ಜೋಡಿಸುವಷ್ಟರಲ್ಲಿ ಹನ್ನೆರಡು ದಾಟಿತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡಿ, ಬುಧವಾರದ ರಾಹುಕಾಲ ಹನ್ನೆರಡರಿಂದ ಒಂದೂವರೆ, ಇನ್ನು ಆಮೇಲೆಯೇ ಎಂದೆ.

ತಂದೆ ಪಂಚಾಂಗದಿಂದ ತಲೆ ಎತ್ತದೆ ಹೇಳಿದರು. "ಕ್ಯಾಲೆಂಡರ್ ಅಚ್ಚು ಹಾಕಿದವಗ ನಮ್ಮೂರು ಎಲ್ಲದ ಅಂತ ಗೊತ್ತದೇನು? ಬುಧವಾರದ ರಾಹುಕಾಲ ಶುರು ಆಗೋದು ಹಗಲಿನ ನಟ್ಟ ನಡುವ. ಇವತ್ತು ಇಲ್ಲಿ ಸೂರ್ಯೋದಯ ಆರು ನಲವತ್ತೇಳು, ಅಸ್ತ ಆರು ಇಪ್ಪತ್ತೈದು. ನಡು ಎಷ್ಟಾತು? ಹನ್ನೆರಡು ಮೂವತ್ತಾರು. ಇನ್ನೂ ಇಪ್ಪತ್ತು ನಿಮಿಷ ಅದ. ಸ್ವಿಚ್ ಹಾಕು."

ಸ್ವಿಚ್ ಹಾಕಿದೆ. ಮಷೀನ್ ತಿರುಗತೊಡಗಿತು, ನನ್ನ ತಲೆಯೂ ತಿರುಗತೊಡಗಿತು. ಹಗಲಿನ ನಡು ಅಂದರೆ ಸೂರ್ಯ ಅತಿ ಮೇಲಿರುವ ಹೊತ್ತು. ಸೂರ್ಯ ಅತಿ ಮೇಲಿದ್ದಾಗಲೇ ನೆರಳು ಅತಿ ಚಿಕ್ಕದು. ನನ್ನ ಅನುಮಾನ ಈಗ ತಂದೆಯ ಲೆಕ್ಕದ ಮೇಲೆ ಬಿತ್ತು. ಮಗಳ ಸ್ಕೇಲು, ಒಂದು ಕೋಲು, ಕೋಲು ನಿಲ್ಲಿಸಲು ಮಣ್ಣು ತುಂಬಿದ ಡಬ್ಬಿ ತೆಗೆದುಕೊಂಡು ಮಾಳಿಗೆ ಹತ್ತಿದೆ. ಹನ್ನೆರಡು ಇಪ್ಪತ್ತಕ್ಕೆ ನೆರಳು ಇನ್ನೂ ಸಣ್ಣದಾಗುತ್ತಿತ್ತು. ಹನ್ನೆರಡೂವರೆ ದಾಟಿದಾಗ ಅಲುಗಾಡದೆ ನಿಂತಂತೆ ಕಂಡಿತು. ಒಂದು ಗಂಟೆಗೆ ನೋಡಿದರೆ ಮತ್ತೆ ಬೆಳೆದಿತ್ತು.

ನಾಚಿಕೆಯ ಮಾತು ಇನ್ನೂ ಮುಂದಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು ಎಂದು ಬಾಯಿಪಾಠ ಮಾಡಿಸುವವನು ನಾನೇ. ದೇಶದ ಗಡಿಯಾರವೆಲ್ಲ ದೂರ ಪೂರ್ವದ ಒಂದು ರೇಖಾಂಶಕ್ಕೆ ಹೊಂದಿಕೊಂಡಿದೆ, ನಾವು ಅದರ ಪಶ್ಚಿಮಕ್ಕಿದ್ದೇವೆ, ಆದ್ದರಿಂದ ಸೂರ್ಯ ನಮಗೆ ಅತಿ ಮೇಲೆ ಬರುವುದು ಇಪ್ಪತ್ತು ನಿಮಿಷಕ್ಕೂ ಹೆಚ್ಚು ತಡ. ಭೂಮಿಯ ಅಕ್ಷದ ಓರೆ ಮತ್ತು ಸೂರ್ಯನನ್ನು ಸುತ್ತುವ ವೇಗದ ಏರಿಳಿತದಿಂದಾಗಿ ಫೆಬ್ರವರಿಯಲ್ಲಿ ಇನ್ನೊಂದಿಷ್ಟು ನಿಮಿಷ ತಡ. ಎಲ್ಲವೂ ಗೊತ್ತಿತ್ತು. ಒಂದು ದಿನವೂ ಕೋಲು ನೆಟ್ಟು ನೋಡಿರಲಿಲ್ಲ. ಬೇಳೆಯ ಚೀಲದ ತಳದವರೆಗೆ ಕೈ ಹಾಕುವವನು, ಹನ್ನೆರಡು ಗಂಟೆ ಎಂಬ ಮಾತನ್ನು ಮಾತ್ರ ಹಿಂದುಮುಂದು ನೋಡದೆ ನಂಬಿದ್ದೆ. ತರಗತಿಯಲ್ಲಿ ನಿಜ ಬರೆದವಳು ಒಬ್ಬಳೇ, ಆಕೆಯನ್ನೇ ಸುಳ್ಳಿ ಎಂದಿದ್ದೆ.

ಗುರುವಾರ ಮೊದಲ ಬಸ್ಸಿಗೇ ಹೋದೆ. ಪ್ರದರ್ಶನದ ಪಟ್ಟಿಯಲ್ಲಿ ಆಕೆಯ ಹೆಸರು ಬರೆದೆ, ಆಮೇಲೆ ಆಕೆಯನ್ನು ಕರೆದೆ. ಪುಸ್ತಕ ತಂದಳು. ಮಣ್ಣು ಮೆತ್ತಿದ ಹಾಳೆ ಇರಲಿಲ್ಲ. ಹೊಸ ಹಾಳೆಯ ಮೇಲೆ ಮುತ್ತಿನಂಥ ಅಂಕಿಗಳು, ಹನ್ನೆರಡು ಗಂಟೆಗೆ ಅತಿ ಚಿಕ್ಕ ನೆರಳು.

"ಏನಮ್ಮಾ ಇದು?"

"ನೀವು ತಪ್ಪಾಗ್ಯಾದ ಅಂದ್ರಲ್ಲರೀ ಸರ್. ಸರಿ ಮಾಡೀನಿ."

"ಮೊದಲಿನ ಹಾಳೆ?"

"ಒಲಿಗೆ ಹಾಕಿದೆ ರೀ."

ತಪ್ಪು ನಿನ್ನದಲ್ಲ, ನನ್ನದು, ನೀನು ಬರೆದದ್ದೇ ಸರಿಯಿತ್ತು ಎಂದು ತರಗತಿಗೆಲ್ಲ ಕೇಳುವಂತೆ ಹೇಳಿದೆ. ಉಳಿದ ಮಕ್ಕಳು ತಮ್ಮ ಪುಸ್ತಕ ಮುಚ್ಚಿದರು. ಆಕೆ ಮಾತ್ರ ನನ್ನನ್ನು ನೋಡುತ್ತ ನಿಂತಳು. ಈ ಮಾತಿನೊಳಗೆ ಇನ್ನೇನೋ ಇದೆ, ಇದೂ ಒಂದು ಪರೀಕ್ಷೆಯೇ ಇರಬೇಕು ಎಂದು ಹುಡುಕುವ ನೋಟ ಅದು. ಪಟ್ಟಿಯಲ್ಲಿ ನಿನ್ನ ಹೆಸರಿದೆ ಎಂದೆ.

"ಬ್ಯಾಡ್ರಿ ಸರ್. ಅಲ್ಲಿ ಯಾರರೆ ಕೇಳಿದ್ರ ಯಾವುದು ಹೇಳಬೇಕು ನಾನು?"

ಇದಕ್ಕೆ ಬಾಯಿಮಾತಿನ ಉತ್ತರ ಸಾಲದು ಅನ್ನಿಸಿತು. ಹನ್ನೆರಡಕ್ಕೆ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಕೋಲು ನೆಟ್ಟೆವು. ಸ್ಕೇಲನ್ನು ಆಕೆಯ ಕೈಗೆ ಕೊಟ್ಟೆ. ಮಕ್ಕಳು ಸುತ್ತ ಕೂತು ಐದೈದು ನಿಮಿಷಕ್ಕೆ ಹೊತ್ತು ಕೂಗಿದರು, ಆಕೆ ಬಗ್ಗಿ ಸ್ಕೇಲು ಇಟ್ಟಳು, ನಾನು ಬರೆದುಕೊಂಡೆ. ಬಿಸಿಲು ಚುರುಗುಟ್ಟುತ್ತಿತ್ತು, ಆದರೂ ಯಾರೂ ಏಳಲಿಲ್ಲ. ಹನ್ನೆರಡು ಮೂವತ್ತೈದಾಯಿತು. ಸ್ಕೇಲು ನೆರಳಿನ ಪಕ್ಕದಲ್ಲೇ ಇತ್ತು. ಎಷ್ಟು ಬಂತು ಎಂದು ಕೇಳಿದೆ.

ಆಕೆ ಸ್ಕೇಲು ನೋಡಲಿಲ್ಲ. ತಲೆ ಎತ್ತಿ ನನ್ನ ಮುಖ ನೋಡಿದಳು.